ಗುಂಗುರು ಕೂದಲು ಮತ್ತು ಗಾಣದ ಎಣ್ಣೆ: ಒಂದು ತಕರಾರು

ಗಡಿನಾಡಿನ ವಾರ್ಷಿಕ ಸಂಚಿಕೆಯೊಂದರಲ್ಲಿ ಶಾಲೆಯ ಬಗ್ಗೆ, ಭಾಷೆಯ ಬಗ್ಗೆ, ಉದ್ಯೋಗದ ಬಗ್ಗೆ ಬರೆಯುವುದು ಬಿಟ್ಟು ಹೆಂಗಸರ ತಲೆಕೂದಲಿನ ಬಗ್ಗೆ ಬರೆಯುವುದಕ್ಕೇನಿದೆ ಎಂದು ಕೆಲವರು ಹುಬ್ಬೇರಿಸಬಹುದು. ಹುಬ್ಬೇರಿಸಲಿ. ಹತ್ತು ವರ್ಷದ ಹುಡುಗಿ ಕನ್ನಡಿಯ ಮುಂದೆ ನಿಂತು ತನ್ನ ತಲೆಯನ್ನು ತಾನೇ ಶಪಿಸುವ ಮನೆಯಲ್ಲಿ ಬೇರೆ ಯಾವ ಅಭಿಮಾನದ ಪಾಠ ಹೇಳಿದರೂ ಅದು ಅವಳ ಕಿವಿಗೆ ಬೀಳುವುದಿಲ್ಲ. ಭಾಷೆಯ ವಿಷಯದಲ್ಲಿ ಹೊರಗಿನವರ ತಾತ್ಸಾರ ಹೇಗಿರುತ್ತದೆಂದು ಬಲ್ಲ ನಾವು, ಮನೆಯೊಳಗಿನ ತಾತ್ಸಾರವನ್ನು ಮಾತ್ರ ತಮಾಷೆ ಎಂದು ಕರೆಯುತ್ತೇವೆ.

ಮಂಜೇಶ್ವರದಿಂದ ಕಾಞಂಗಾಡಿನವರೆಗೆ ರಸ್ತೆಯ ಬದಿಯ ಫಲಕಗಳನ್ನು ಓದುತ್ತಾ ಹೋಗಿ. ಸ್ಮೂತನಿಂಗ್, ಸ್ಟ್ರೈಟನಿಂಗ್, ಕೆರಾಟಿನ್ ಎಂಬ ಮೂರು ಮಂತ್ರಗಳು ಕಣ್ಣಿಗೆ ಬೀಳುತ್ತವೆ. ಮದುವೆಯ ಮಾತುಕತೆ ಶುರುವಾಗುವ ಮೊದಲು ಹುಡುಗಿಯ ಕೂದಲನ್ನು ಇಸ್ತ್ರಿ ಹಾಕಿಸಿ ನಿಲ್ಲಿಸುವುದು ಈಗ ಖರ್ಚಿನ ಪಟ್ಟಿಯಲ್ಲಿ ಸೇರಿಹೋಗಿದೆ. ಇದು ಬೇಡವೆನ್ನುವ ಮನೆಗಳಲ್ಲಿ ಇನ್ನೊಂದು ಉಪದ್ರವ: ದಿನವೂ ತಲೆಗೆ ಎಣ್ಣೆ ಸುರಿದು, ನೆತ್ತಿಗೆ ಅಂಟಿಸಿ ಬಾಚಿ, ಎರಡು ಜಡೆಗಳಾಗಿ ಬಿಗಿದು, ‘ಹೀಗೆ ಮಾಡಿದರೆ ಮುಂದೆ ನೆಟ್ಟಗಾಗುತ್ತದೆ’ ಎಂಬ ಭರವಸೆ. ಒಂದು ಕಡೆ ರಾಸಾಯನಿಕ, ಇನ್ನೊಂದು ಕಡೆ ಸುಳ್ಳು. ಎರಡರ ತಳದಲ್ಲಿರುವ ನಂಬಿಕೆ ಒಂದೇ: ಗುಂಗುರು ಕೂದಲು ಒಂದು ದೋಷ.

ನನ್ನ ತಕರಾರು ಈ ನಂಬಿಕೆಯ ಮೇಲೆ. ಗುಂಗುರು ಕೂದಲು ರೋಗವಲ್ಲ. ಆದುದರಿಂದ ಎಣ್ಣೆ ಅದಕ್ಕೆ ಮದ್ದೂ ಅಲ್ಲ. ಎಣ್ಣೆ ಕೂದಲಿನ ಆರೈಕೆ. ಆರೈಕೆಗೂ ತಿದ್ದುಪಡಿಗೂ ಇರುವ ವ್ಯತ್ಯಾಸ ಮರೆತದ್ದರಿಂದಲೇ ನಮ್ಮ ಹೆಣ್ಣುಮಕ್ಕಳ ತಲೆ ಅಂಗಡಿಯವರ ಪ್ರಯೋಗಶಾಲೆಯಾಗಿದೆ.

ಮಾತಿನಿಂದಲೇ ಆರಂಭಿಸೋಣ. ಗುಂಗುರು ಕೂದಲನ್ನು ‘ಪಳಗಿಸಬೇಕು’, ‘ಹದ್ದುಬಸ್ತಿನಲ್ಲಿಡಬೇಕು’ ಎನ್ನುತ್ತಾರೆ. ಪಳಗಿಸಲು ಅದೇನು ತೋಟಕ್ಕೆ ನುಗ್ಗಿದ ಕಾಡಾನೆಯೇ? ‘ಕಾಗೆಯ ಗೂಡು’, ‘ತೆಂಗಿನ ಚೊಪ್ಪು’, ‘ಕಾಡಿನವರ ಕೂದಲು’ ಎಂಬ ಹೋಲಿಕೆಗಳನ್ನು ಸ್ವಂತ ಅಜ್ಜಿ, ಸ್ವಂತ ಅತ್ತೆ ಹೇಳುತ್ತಾರೆ. ಕೊನೆಯ ಮಾತಿನಲ್ಲಿ ಎಲ್ಲವೂ ಬಯಲಾಗಿದೆ. ಕೂದಲನ್ನು ಹಂಗಿಸುವವರು ನಿಜಕ್ಕೂ ಹಂಗಿಸುತ್ತಿರುವುದು ಜನರನ್ನು.

ನಮ್ಮ ಈ ಸೀಮೆಯಲ್ಲಿ ಕೊರಗ ಸಮುದಾಯದವರನ್ನು ನಡೆಸಿಕೊಂಡ ಚರಿತ್ರೆಯನ್ನು ನೆನಪಿಸಿಕೊಳ್ಳಿ. ಅಜಲು ಎಂಬ ಪದ್ಧತಿಯಲ್ಲಿ ಮೇಲ್ಜಾತಿಯವರು ತಮ್ಮ ಕೂದಲು, ಉಗುರುಗಳನ್ನು ಅನ್ನದಲ್ಲಿ ಬೆರೆಸಿ ಅವರಿಗೆ ತಿನ್ನಿಸುತ್ತಿದ್ದರು. ತಮ್ಮ ಮನೆಯ ಕೇಡು ಅವರಿಗೆ ದಾಟಿಹೋಗುತ್ತದೆಂಬ ನಂಬಿಕೆ. ಇದನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಒಂದು ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ತಮ್ಮ ಕೂದಲನ್ನು ಇನ್ನೊಬ್ಬರ ಎಲೆಗೆ ಬಡಿಸಿದ ಸಮಾಜ, ಆ ಇನ್ನೊಬ್ಬರ ಕೂದಲಿನ ಬಗ್ಗೆ ನಗುವುದಕ್ಕೆ ಯಾವ ಮುಖ ಇಟ್ಟುಕೊಂಡಿದೆ? ಗುಂಗುರು ಕೂದಲಾದರೋ ಯಾವ ಒಂದು ಜಾತಿಯ ಸೊತ್ತೂ ಅಲ್ಲ. ಈ ಜಿಲ್ಲೆಯ ಎಲ್ಲ ಜಾತಿ, ಎಲ್ಲ ಮತ, ಎಲ್ಲ ಭಾಷೆಯ ಮನೆಗಳಲ್ಲೂ ಅದು ಹುಟ್ಟುತ್ತದೆ. ಹರಿದಾಸರ ಹಾಡುಗಳ ಕೃಷ್ಣನಿಗೆ ಗುಂಗುರು ಕೂದಲಿದ್ದರೆ ಕೈಮುಗಿಯುತ್ತೇವೆ. ಮಗಳಿಗೆ ಇದ್ದರೆ ಪಾರ್ಲರಿಗೆ ಕರೆದೊಯ್ಯುತ್ತೇವೆ.

ನೆರೆಯ ಮಲಯಾಳದಲ್ಲಿ ಕೂದಲಿಗೆ ಮುಡಿ ಎನ್ನುತ್ತಾರೆ. ತೆಯ್ಯಂ ಕಟ್ಟಿದವನು ತಲೆಯ ಮೇಲೆ ಹೊರುವ ಕಿರೀಟಕ್ಕೂ ಅದೇ ಹೆಸರು. ನಮ್ಮಲ್ಲಿ ಮುಡಿ ಎಂದರೆ ತುರುಬು, ಹೂವು ಮುಡಿಯುವುದು, ಮತ್ತೆ ಅಕ್ಕಿ ಕಟ್ಟಿದ ಮುಡಿ. ಎರಡೂ ಭಾಷೆಗಳಲ್ಲಿ ಇಷ್ಟು ಮರ್ಯಾದೆಯ ಶಬ್ದವಿರುವಾಗ ಕಾಗೆಯ ಗೂಡು ಎಲ್ಲಿಂದ ಬಂತು?

ಇನ್ನು ಕೂದಲಿನ ಸ್ವಭಾವಕ್ಕೆ ಬರೋಣ. ಕೂದಲು ಸುರುಳಿಯಾಗುವುದೋ ನೇರವಾಗುವುದೋ ಎಂಬುದು ಚರ್ಮದೊಳಗಿನ ಬೇರುಗೂಡಿನ ಆಕಾರದಿಂದ ನಿರ್ಧಾರವಾಗುತ್ತದೆ. ಗೂಡು ಬಾಗಿದ್ದರೆ ಕೂದಲೂ ಬಾಗಿಯೇ ಹೊರಡುತ್ತದೆ. ಹೊರಗೆ ಬಂದ ಎಳೆ ನಿರ್ಜೀವ. ಅದಕ್ಕೆ ಏನು ಹಚ್ಚಿದರೂ ಒಳಗಿನ ಗೂಡು ನೆಟ್ಟಗಾಗದು. ಎಳೆಯ ಹೊರಮೈಯಲ್ಲಿ ಮನೆಯ ಹಂಚಿನಂತೆ ಒಂದರ ಮೇಲೊಂದು ಹೊದ್ದ ತೆಳು ಚಿಪ್ಪುಗಳಿವೆ. ಒಳಗೆ ಕೆರಾಟಿನ್ ಎಂಬ ಪ್ರೋಟೀನಿನ ನಾರುಗಳು. ಆ ನಾರುಗಳನ್ನು ಹಿಡಿದಿಡುವ ಬಂಧಗಳಲ್ಲಿ ಕೆಲವು ನೀರು ತಾಗಿದೊಡನೆ ಬಿಡುತ್ತವೆ, ಒಣಗಿದಾಗ ಮತ್ತೆ ಕೂಡುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಕೂದಲು ಆ ತೇವವನ್ನು ಹೀರಿ ಊದುತ್ತದೆ, ಚಿಪ್ಪುಗಳು ಏಳುತ್ತವೆ, ಎಳೆಗಳು ಒಂದರೊಡನೊಂದು ಹೊಂದದೆ ಚೆದರುತ್ತವೆ. ಇದನ್ನೇ ನಾವು ಕೆದರಿದ ಕೂದಲು ಎನ್ನುವುದು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ ಆಟಿ ತಿಂಗಳಲ್ಲಿ ಬಾಗಿಲ ಹಲಗೆಯೇ ಉಬ್ಬಿ ಚಿಲಕ ಕೂರುವುದಿಲ್ಲ. ಕೂದಲು ಮಾತ್ರ ಉಬ್ಬಬಾರದೆ? ಸುರುಳಿಯ ಎಳೆಯಲ್ಲಿ ಬುಡದ ಜಿಡ್ಡು ತುದಿಯವರೆಗೆ ಸುಲಭವಾಗಿ ಇಳಿಯುವುದಿಲ್ಲ. ತಿರುವು ತಿರುವಿನಲ್ಲಿ ಚಿಪ್ಪುಗಳು ಬೇಗ ಸವೆಯುತ್ತವೆ. ಅದಕ್ಕೆ ಬೇಕಾದದ್ದು ಶಿಕ್ಷೆಯಲ್ಲ, ಸ್ವಲ್ಪ ಜಿಡ್ಡು.

ಇಲ್ಲಿ ನಮ್ಮ ತೆಂಗಿನೆಣ್ಣೆಯ ಪಾಲು ದೊಡ್ಡದು. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲವಿದೆ. ಈ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಕೂದಲಿನ ಪ್ರೋಟೀನಿನೊಡನೆ ಅದಕ್ಕೆ ಒಲವೂ ಇದೆ. ತೆಂಗಿನೆಣ್ಣೆ ಕೂದಲಿನ ಒಳಗೆ ಇಳಿಯುತ್ತದೆ, ಖನಿಜ ಎಣ್ಣೆ ಇಳಿಯುವುದಿಲ್ಲ ಎಂಬುದನ್ನು 2001ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಉಪಕರಣಗಳಿಂದ ಅಳೆದು ತೋರಿಸಿತು. 2003ರಲ್ಲಿ ರೇಲೆ ಮತ್ತು ಮೊಹಿಲೆ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿದರು. ಕೂದಲು ತೊಳೆದಾಗ, ಬಾಚಿದಾಗ ಆಗುವ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ತೊಳೆಯುವ ಮೊದಲು ಹಚ್ಚಿದರೂ ಸರಿ, ಅನಂತರ ಹಚ್ಚಿದರೂ ಸರಿ. ಈ ಇಬ್ಬರೂ ತೆಂಗಿನೆಣ್ಣೆ ಮಾರುವ ಒಂದು ದೊಡ್ಡ ಕಂಪೆನಿಯ ಸಂಶೋಧನಾ ವಿಭಾಗದವರು ಎಂಬುದನ್ನೂ ಹೇಳಿಬಿಡಬೇಕು. ಎದುರಾಳಿಯ ಲೆಕ್ಕವನ್ನು ಕೆದಕುವವರು ನಮ್ಮ ಪರವಾದ ಲೆಕ್ಕವನ್ನೂ ತೆರೆದಿಡುವುದು ನ್ಯಾಯ.

ಎಳ್ಳೆಣ್ಣೆ, ಹರಳೆಣ್ಣೆಗಳ ಕೆಲಸ ಬೇರೆ. ಎಳ್ಳೆಣ್ಣೆ ಹೆಚ್ಚಾಗಿ ಮೇಲ್ಮೈಯನ್ನು ನುಣುಪು ಮಾಡುತ್ತದೆ. ಹರಳೆಣ್ಣೆ ದಪ್ಪ, ಅಂಟು. ಒಂದೆರಡು ಹನಿ ತುದಿಗೆ ಹಚ್ಚಿದರೆ ಹೊಳಪು ಕೊಡುತ್ತದೆ. ಉದ್ದ ಕೂದಲಿಗೆ ಧಾರಾಳವಾಗಿ ಬಳಿದರೆ ಜಡೆಗಟ್ಟುವ ಅಪಾಯವಿದೆ. ಹಾಗೆ ಬಿಡಿಸಲಾಗದಂತೆ ಗಂಟುಗಟ್ಟಿದ ಒಂದು ಪ್ರಕರಣವನ್ನು ನಮ್ಮ ದೇಶದ ಚರ್ಮವೈದ್ಯರು 2017ರಲ್ಲಿ ವರದಿ ಮಾಡಿದ್ದಾರೆ. ಖನಿಜ ಎಣ್ಣೆಯೆಂದರೆ ಪೆಟ್ರೋಲಿಯಂನಿಂದ ಬಂದ ಪ್ಯಾರಾಫಿನ್. ಅದು ವಿಷವೇನೂ ಅಲ್ಲ. ಎಳೆಯ ಮೇಲೆ ಕೂತು ಸ್ವಲ್ಪ ಜಾರಿಕೆ ಕೊಡುತ್ತದೆ. ಆದರೆ ಲೇಬಲಿನ ಮೇಲೆ ಬಾದಾಮಿಯ ಚಿತ್ರ ಹಾಕಿ ಒಳಗೆ ಮುಕ್ಕಾಲು ಪಾಲು ಪ್ಯಾರಾಫಿನ್ ತುಂಬಿದರೆ ಅದಕ್ಕೆ ಬೇರೆ ಹೆಸರಿದೆ.

ಅಡುಗೆಮನೆಯ ಎಣ್ಣೆಯೇ ತಲೆಗೂ ಆಗುತ್ತದೆಯೇ ಎಂದು ಕೇಳುವವರಿಗೆ ಸುಪ್ರೀಂ ಕೋರ್ಟಿನ ಕತೆ ಹೇಳಬೇಕು. ಸಣ್ಣ ಬಾಟಲಿಯಲ್ಲಿ ತುಂಬಿದ ಶುದ್ಧ ತೆಂಗಿನೆಣ್ಣೆ ತಿನ್ನುವ ಎಣ್ಣೆಯೋ, ತಲೆಗೆ ಹಚ್ಚುವ ಎಣ್ಣೆಯೋ? ತಲೆಯದ್ದಾದರೆ ತೆರಿಗೆ ಹೆಚ್ಚು ಎಂಬುದು ಇಲಾಖೆಯ ವಾದ. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಮೂಡಲಿಲ್ಲ. 2024ರ ಡಿಸೆಂಬರ್ 18ರಂದು ಮೂವರ ಪೀಠ, ಕೇಶತೈಲವೆಂದು ಲೇಬಲ್ ಹಚ್ಚಿ ಮಾರದ ಹೊರತು ಸಣ್ಣ ಬಾಟಲಿಯಲ್ಲಿದ್ದ ಮಾತ್ರಕ್ಕೆ ಅದು ಕೇಶತೈಲವಾಗದು ಎಂದು ತೀರ್ಪಿತ್ತಿತು. ಆಗ ತಿನ್ನುವ ಎಣ್ಣೆಗೆ ಜಿ.ಎಸ್.ಟಿ. ನೂರಕ್ಕೆ 5, ಕೇಶತೈಲಕ್ಕೆ 18. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 5 ಆಗಿದೆ. ದೊಡ್ಡವರು ವರ್ಷಗಟ್ಟಲೆ ಚರ್ಚಿಸಿದ ಈ ಪ್ರಶ್ನೆಗೆ ನಮ್ಮ ಅಜ್ಜಿಯಂದಿರು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದರು: ಒಗ್ಗರಣೆಗೆ ಸುರಿದು ಉಳಿದದ್ದನ್ನು ಅಂಗೈಗೆ ಹಾಕಿಕೊಂಡು ಮೊಮ್ಮಗಳ ನೆತ್ತಿಗೆ ತಟ್ಟುತ್ತಿದ್ದರು.

ಪಾರ್ಲರಿನ ಮೂರು ಮಂತ್ರಗಳ ಒಳಗೇನಿದೆ? ನೇರಗೊಳಿಸುವ ಹಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಇಲ್ಲವೇ ಬಿಸಿ ಇಸ್ತ್ರಿ ತಾಗಿದಾಗ ಅದನ್ನು ಬಿಡುವ ವಸ್ತುಗಳಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವರ್ಗೀಕರಿಸಿತು. ಅದರ ಬದಲಿಗೆ ಬಂದದ್ದು ಗ್ಲೈಆಕ್ಸಿಲಿಕ್ ಆಮ್ಲ. ಟ್ಯುನೀಷಿಯಾದ 26 ವರ್ಷದ ಯುವತಿಯೊಬ್ಬಳು 2020, 2021, 2022ರಲ್ಲಿ ಮೂರು ಬಾರಿ ಕೂದಲು ನೇರ ಮಾಡಿಸಿದಳು. ಮೂರು ಬಾರಿಯೂ ಅವಳ ಮೂತ್ರಪಿಂಡಗಳಿಗೆ ಪೆಟ್ಟು ಬಿತ್ತು. ಆ ಕ್ರೀಮಿನಲ್ಲಿ ಈ ಆಮ್ಲವಿತ್ತೆಂದು ಫ್ರೆಂಚ್ ವೈದ್ಯರು 2024ರಲ್ಲಿ ವರದಿ ಮಾಡಿದರು. ಅಮೆರಿಕದಲ್ಲಿ 33,497 ಮಹಿಳೆಯರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದ ಅಧ್ಯಯನ 2022ರಲ್ಲಿ ಹೊರಬಂತು. ರಾಸಾಯನಿಕಗಳಿಂದ ಕೂದಲು ನೇರ ಮಾಡಿಸದವರಲ್ಲಿ ಎಪ್ಪತ್ತು ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ನೂರಕ್ಕೆ 1.64; ಪದೇಪದೇ ಮಾಡಿಸುವವರಲ್ಲಿ 4.05. ಇದು ಸಂಬಂಧವನ್ನು ತೋರಿಸುತ್ತದೆ, ಕಾರಣವನ್ನು ಸಿದ್ಧಪಡಿಸಿಲ್ಲ. ಆದರೂ ನನ್ನ ಪ್ರಶ್ನೆ ಇಷ್ಟೇ: ರೋಗವೇ ಅಲ್ಲದ ಒಂದಕ್ಕೆ ಇಷ್ಟು ಅಪಾಯದ ಚಿಕಿತ್ಸೆ ಯಾಕೆ? ಅದೂ ಕೆಲವೇ ತಿಂಗಳಲ್ಲಿ ಬುಡದಿಂದ ಹೊಸ ಗುಂಗುರು ಮೂಡಿ ಬಂದು ನಮ್ಮನ್ನು ನೋಡಿ ನಗುವ ಚಿಕಿತ್ಸೆ!

ಎಣ್ಣೆ ಹಚ್ಚಿದವರು ಹಳ್ಳಿಯವರಂತೆ ಕಾಣುತ್ತಾರೆ, ವಾಸನೆ ಬರುತ್ತದೆ ಎಂಬ ಆಕ್ಷೇಪ ಕಾಲೇಜಿಗೆ ಹೋಗುವ ಮಕ್ಕಳದ್ದು. ಅದರಲ್ಲಿ ಅರ್ಧ ಸತ್ಯವಿದೆ. ತಪ್ಪು ಎಣ್ಣೆಯದ್ದಲ್ಲ, ಅಳತೆಯದ್ದು. ನಾವು ಎಣ್ಣೆಯನ್ನು ಆಭರಣದಂತೆ ತಲೆಯ ಮೇಲೆ ಹೊತ್ತು ಶಾಲೆಗೆ ಕಳುಹಿಸುತ್ತೇವೆ. ಎಣ್ಣೆಯ ಜಾಗ ಸ್ನಾನದ ಮೊದಲು. ಅಭ್ಯಂಜನ ಎಂಬ ಪದ್ಧತಿಯ ತಿರುಳೇ ಅದು: ಹಚ್ಚು, ಕಾಯು, ತೊಳೆ. ನೀರು ಕೂದಲಿನೊಳಗೆ ನುಗ್ಗಿ ಊದಿಸುವ ಮೊದಲೇ ಎಣ್ಣೆ ಅಲ್ಲಿ ಜಾಗ ಹಿಡಿದಿರಬೇಕು.

ಕ್ರಮ ಹೇಳುತ್ತೇನೆ, ಇದರಲ್ಲಿ ಗುಟ್ಟೇನಿಲ್ಲ. ಹೆಗಲವರೆಗಿನ ಕೂದಲಿಗೆ ಒಂದು ಚಮಚ, ಎಂದರೆ 5 ಮಿಲಿಲೀಟರ್ ಎಣ್ಣೆ, ಸೊಂಟದವರೆಗಿದ್ದರೆ ಎರಡು. ಅಂಗೈಯಲ್ಲಿ ಉಜ್ಜಿ ಬೆಚ್ಚಗಾಗಿಸಿ, ತುದಿಯಿಂದ ಮೇಲಕ್ಕೆ ಹಚ್ಚಬೇಕು; ಬಾಯಾರಿರುವುದು ತುದಿ, ನೆತ್ತಿಯಲ್ಲ. ಬೆರಳಿನಿಂದ ಸಿಕ್ಕು ಬಿಡಿಸಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಆಮೇಲೆ ದಾಸವಾಳದ ಸೊಪ್ಪಿನ ಗೊಂಪು, ಸೀಗೆ, ಇಲ್ಲವೇ ಸೌಮ್ಯವಾದ ಶಾಂಪೂ. ನಾವು ಗೊಂಪು ಎನ್ನುವುದನ್ನು ನೆರೆಮನೆಯ ಮಲಯಾಳಿ ಅಮ್ಮ ತಾಳಿ ಎನ್ನುತ್ತಾಳೆ. ಲೋಳೆ ಒಂದೇ, ಎಳೆಗಳ ನಡುವೆ ಜಾರಿಕೆ ಕೊಡುವ ಗುಣವೂ ಒಂದೇ. ಬಟ್ಟೆಯ ಸಾಬೂನನ್ನಂತೂ ತಲೆಗೆ ತಾಗಿಸಬೇಡಿ; ಅದರ ಕ್ಷಾರ ಚಿಪ್ಪುಗಳನ್ನು ಎಬ್ಬಿಸುತ್ತದೆ. ಬೈರಾಸಿನಿಂದ ತಿಕ್ಕದೆ ಒತ್ತಿ ನೀರು ತೆಗೆಯಿರಿ. ಒದ್ದೆಯಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡಕ್ಕೆ ಬಾಚಿ, ಎರಡು ಹನಿ ಎಣ್ಣೆಯನ್ನು ಅಂಗೈಗೆ ಸವರಿ ಸುರುಳಿಗಳನ್ನು ಹಿಡಿಯಿರಿ. ಒಣಗಿದ ಗುಂಗುರು ಕೂದಲನ್ನು ಬಾಚುವುದೆಂದರೆ ಕೆದರಿಸುವುದೆಂದೇ ಅರ್ಥ.

ವಾರಕ್ಕೆ ಎರಡು ಬಾರಿ ಒಂದೊಂದು ಚಮಚವೆಂದರೆ ವರ್ಷಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು. 2025ರಲ್ಲಿ ಕೇರಳದಲ್ಲಿ ತೆಂಗಿನೆಣ್ಣೆಯ ಬೆಲೆ ಲೀಟರಿಗೆ ನಾನೂರು ರೂಪಾಯಿ ದಾಟಿ ಎಲ್ಲರನ್ನೂ ಕಂಗೆಡಿಸಿತು. ಆ ದರ ಹಿಡಿದರೂ ವರ್ಷದ ಖರ್ಚು ಇನ್ನೂರರ ಆಸುಪಾಸು. ಪಾರ್ಲರಿನ ಒಂದು ಮಧ್ಯಾಹ್ನದ ಬಿಲ್ಲಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಎಣ್ಣೆಯ ಪರ ವಕಾಲತ್ತು ಹಾಕಿದವನೆಂದು ಎಣ್ಣೆಯ ಹೆಸರಿನ ಸುಳ್ಳುಗಳನ್ನು ಒಪ್ಪಲಾರೆ. ಹನ್ನೆರಡು ಮೂಲಿಕೆ ಹಾಕಿ ಕಾಯಿಸಿದ ಎಣ್ಣೆಯಿಂದ ಬೋಳುತಲೆಯಲ್ಲಿ ಕೂದಲು ಬರುತ್ತದೆ ಎಂಬುದು ವ್ಯಾಪಾರ. ಗರಗ, ಕರಿಬೇವು, ತಿಮರೆ ಹಾಕಿ ಕಾಯಿಸುವ ರೂಢಿ ಎರಡೂ ಭಾಷೆಯ ಮನೆಗಳಲ್ಲಿದೆ. ಪರಿಮಳಕ್ಕೆ, ಸಂತೋಷಕ್ಕೆ ಮಾಡಿಕೊಳ್ಳಿ, ಪವಾಡವನ್ನು ನಿರೀಕ್ಷಿಸಬೇಡಿ. ತಲೆಹೊಟ್ಟು ಇರುವವರ ನೆತ್ತಿಗೆ ಎಣ್ಣೆ ತಟ್ಟಿದರೆ ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಊಟ ಹಾಕಿದಂತೆ. ಅವರು ತುದಿಗಷ್ಟೇ ಹಚ್ಚಲಿ, ಹೊಟ್ಟಿಗೆ ವೈದ್ಯರನ್ನು ಕಾಣಲಿ. ಹಣೆಯಲ್ಲಿ ಮೊಡವೆ ಇರುವ ಮಕ್ಕಳಿಗೂ ಇದೇ ಮಾತು. ಎಣ್ಣೆ ಹಚ್ಚಿದ ಕೂದಲಿಗೆ ಬಿಸಿ ಇಸ್ತ್ರಿ ತಾಗಿಸುವುದೆಂದರೆ ಹುರಿಯುವುದು. ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ಮಾತಿಗೆ ಕಾಸರಕದ ಕಾಯಿಯೂ ಗಿಡದಲ್ಲೇ ಬೆಳೆಯುತ್ತದೆ ಎಂಬುದೇ ಉತ್ತರ.

ಕೊನೆಯದಾಗಿ ಗಡಿನಾಡಿನ ಮನೆಗಳಿಗೇ ಸೇರಿದ ಒಂದು ಮಾತು. ಬಾಟಲಿಯ ಮೇಲಿನ ಬರಹ ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಜಾಹೀರಾತಿನ ಸಾಲು ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ತಾಯಂದಿರಿಗೆ ಅದು ಚಿತ್ರವಷ್ಟೆ. ಓದಲಾಗದ್ದನ್ನು ತಲೆಗೆ ಸುರಿಯುವ ಮೊದಲು ಮನೆಯ ಮಕ್ಕಳಿಂದ ಓದಿಸಿ ಕೇಳಿ. ಲಿಕ್ವಿಡ್ ಪ್ಯಾರಾಫಿನ್, ಮಿನರಲ್ ಆಯಿಲ್ ಎಂದು ಮೊದಲ ಸಾಲಿನಲ್ಲಿದ್ದರೆ ನೀವು ಗಿಡದ ಎಣ್ಣೆಗೆ ಹಣ ಕೊಡುತ್ತಿಲ್ಲ. ಪಾರ್ಲರಿನಲ್ಲಿ ಫಾರ್ಮಾಲ್ಡಿಹೈಡ್, ಗ್ಲೈಆಕ್ಸಿಲಿಕ್ ಎಂಬ ಎರಡು ಶಬ್ದಗಳನ್ನು ಹೆಸರಿಸಿ ಕೇಳಿ. ಉತ್ತರ ಕೊಡದ ಕಡೆ ತಲೆ ಕೊಡಬೇಡಿ. ಕೂಡ್ಲಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆದುಬಂದ ಊರು ನಮ್ಮದು. ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಬೆಳೆದದ್ದು ಆ ನೆಲದಲ್ಲೇ. ಅಂಥ ಊರಿನವರು ತೆಂಗಿನೆಣ್ಣೆಯನ್ನು ನಾಚಿಕೆಯಿಂದ ಬಚ್ಚಿಡುವುದು, ದೂರದ ಬಾಟಲಿಯನ್ನು ಕಪಾಟಿನಲ್ಲಿ ಮೆರೆಸುವುದು ನನಗಂತೂ ಅರ್ಥವಾಗದ ಸಂಗತಿ.

ನೇರ ಕೂದಲು ಬೇಕೆಂದು ವಯಸ್ಸಿಗೆ ಬಂದ ಹುಡುಗಿ ತಿಳಿದೇ ಬಯಸಿದರೆ ಅದು ಅವಳ ಇಷ್ಟ. ಅಪಾಯಗಳನ್ನು ತಿಳಿಸುವುದಷ್ಟೇ ಹಿರಿಯರ ಕೆಲಸ. ಆದರೆ ಆ ಬಯಕೆ ನಮ್ಮ ಹಂಗಿಕೆಯಿಂದ ಹುಟ್ಟಿದ್ದಾದರೆ ಅದಕ್ಕೆ ಹೊಣೆ ನಾವು. ಈ ದೀಪಾವಳಿಯ ಎಣ್ಣೆಸ್ನಾನಕ್ಕೆ ಮಕ್ಕಳನ್ನು ಮಣೆಯ ಮೇಲೆ ಕೂರಿಸಿದಾಗ ಎಣ್ಣೆಯನ್ನು ಅಳತೆಯಲ್ಲಿ ಹಚ್ಚಿ, ಮಾತನ್ನೂ ಅಳತೆಯಲ್ಲಿ ಆಡಿ. ಕಾಗೆಯ ಗೂಡಿನ ಹೋಲಿಕೆಯನ್ನು ಕಾಗೆಗೇ ಬಿಟ್ಟುಬಿಡಿ. ಇದರಲ್ಲಿ ತಕರಾರುಳ್ಳವರು ಮುಂದಿನ ಸಂಚಿಕೆಗೆ ಬರೆಯಲಿ, ಕನ್ನಡದಲ್ಲಾದರೂ ಸರಿ, ಮಲಯಾಳದಲ್ಲಾದರೂ ಸರಿ. ಓದಿಸಿ ಕೇಳಿಕೊಳ್ಳುತ್ತೇನೆ.